ಮಾವನ ಕಾರಿನ ‘ಟಕ್’ ಮತ್ತು ಮಾಮಿಯ ಕುಕ್ಕರ್

ನನ್ನ ಸೋದರಮಾವನಿಗೆ ಕಿವಿ ಮಂದ ಎಂದು ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನವರೆಲ್ಲ ನಂಬಿದ್ದಾರೆ. ಪಾಪ, ಅವರಿಗೆ ಗೊತ್ತಿಲ್ಲ! ಮಾವನ ಕಿವಿ ಬಹಳ ಚುರುಕು. ಮನುಷ್ಯರ ಮಾತು ಮಾತ್ರ ಅದರೊಳಗೆ ಹೋಗುವುದಿಲ್ಲ. ಗ್ರಾಂಟ್ ರೋಡಿನ ತಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲಿಂದಲೇ ಒಳಗಿನ ಗ್ರೈಂಡರಿನ ಬೆಲ್ಟ್ ಸಡಿಲವಾದದ್ದನ್ನು ಅವರು ಹೇಳಬಲ್ಲರು. ಅದೇ ಹೊತ್ತಿಗೆ ಎದುರಿಗೆ ನಿಂತ ಗಿರಾಕಿ ಬಿಲ್ ಕೊಡಲು ಬಂದು ಗಂಟಲು ಹರಿದುಕೊಳ್ಳುತ್ತಿರುತ್ತಾನೆ.

ನಮ್ಮ ಕ್ಷೇಮಸಮಾಚಾರವನ್ನಂತೂ ಅವರು ವಿಚಾರಿಸಿದ್ದೇ ಇಲ್ಲ. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಅಮ್ಮನನ್ನೂ ಕರೆತಂದು ತಮ್ಮ ಮನೆಯ ಕೆಳಗಿನ ಮಹಡಿಯಲ್ಲೇ ಇರಿಸಿದವರು ಅವರೇ. ಆದರೆ ಒಂದು ದಿನವಾದರೂ ‘ಹೇಗಿದ್ದೀ ಅಕ್ಕ’ ಎಂದು ಕೇಳಬೇಕಲ್ಲ? ಊಹೂಂ. ಭಾನುವಾರ ಬೆಳಿಗ್ಗೆ ಬರುತ್ತಾರೆ, ಪೇಪರು ಬಿಡಿಸುತ್ತಾರೆ, ನನ್ನನ್ನು ಕೊತ್ತಂಬರಿ ಸೊಪ್ಪಿಗೆಂದು ಮಾರುಕಟ್ಟೆಗೆ ಓಡಿಸುತ್ತಾರೆ. ನಾನು ವಾಪಸು ಬರುವಷ್ಟರಲ್ಲಿ ಎದ್ದು ಹೋಗಿರುತ್ತಾರೆ. ಕೊತ್ತಂಬರಿ ಸೊಪ್ಪು ನಮ್ಮ ಮನೆಯಲ್ಲೇ ಬಾಡುತ್ತದೆ.

ಇಂಥ ಮಾವನಿಗೆ ರೇಸಿನ ಹುಚ್ಚು! ತಲೆ ಪೂರ್ತಿ ನರೆತ ಮೇಲೆ ಶುರುವಾದ ಹುಚ್ಚು ಇದು. ಒಂದು ಹಳೆಯ ಪುಟ್ಟ ಕಾರಿನ ಹಿಂದಿನ ಸೀಟು ಕಿತ್ತೆಸೆದು, ಬಾಗಿಲಿಗೆ ನಂಬರು ಅಂಟಿಸಿ, ಪುಣೆಯ ಕಡೆಯ ಯಾವುದೋ ಟ್ರ್ಯಾಕಿಗೆ ಹವ್ಯಾಸಿಗಳ ಜೊತೆ ಓಡಿಸಲು ಹೋಗುತ್ತಾರೆ. ಅಲ್ಲಿ ಎಲ್ಲರೂ ಅವರನ್ನು ಪ್ರೀತಿಸುತ್ತಾರಂತೆ. ಯಾಕೆ ಪ್ರೀತಿಸುವುದಿಲ್ಲ? ಡಿಕ್ಕಿಯ ತುಂಬ ಇಡ್ಲಿ ಚಟ್ನಿ ತುಂಬಿಕೊಂಡು ಬರುವ ಪ್ರತಿಸ್ಪರ್ಧಿ ಯಾರಿಗೆ ಬೇಡ?

ಈ ವರ್ಷದ ದೊಡ್ಡ ರೇಸು ಹತ್ತಿರ ಬಂದಾಗಲೇ ಕಾರಿನಿಂದ ಒಂದು ಶಬ್ದ ಹೊರಟಿತು. ಬ್ರೇಕ್ ಒತ್ತಿದಾಗ ‘ಟಕ್’. ಬಿಟ್ಟಾಗ ಇನ್ನೊಂದು ‘ಟಕ್’. ಮಾವನ ಊಟ ನಿಂತಿತು, ನಿದ್ದೆ ಹೋಯಿತು. ಮಾಮಿ ಸ್ವಲ್ಪ ದಿನ ನೋಡಿದರು, ಆಮೇಲೆ ತೀರ್ಪು ಕೊಟ್ಟರು: ಭಾನುವಾರದೊಳಗೆ ಶಬ್ದ ನಿಂತರೆ ರೇಸು, ನಿಲ್ಲದಿದ್ದರೆ ಕಾರನ್ನು ಮಾರಿಬಿಡುವುದು. ಮಾಮಿಯ ಈ ಮಾತು ಮಾತ್ರ ಮಾವನಿಗೆ ಸ್ಪಷ್ಟವಾಗಿ ಕೇಳಿಸಿತು.

ಮಾಮಿಗೆ ಆ ವಾರ ಬೇರೆ ಕೋಪವೂ ಇತ್ತೆನ್ನಿ. ಅವರ ಕುಕ್ಕರಿನ ಗ್ಯಾಸ್ಕೆಟ್, ಅದೇ ಮುಚ್ಚಳದೊಳಗಿನ ರಬ್ಬರಿನ ಬಳೆ, ಹಿಂದಿನ ತಿಂಗಳು ಮನೆಯಿಂದ ಮಾಯವಾಗಿತ್ತು; ಹೊಸದು ತಂದು ಹಾಕಿದರೂ ಸಿಟ್ಟು ಇಳಿದಿರಲಿಲ್ಲ. ಕೇಳದೆ ಅವರ ಪಾತ್ರೆ ಒಯ್ಯುವ ಅಭ್ಯಾಸ ನನಗಿರುವುದರಿಂದ ಅನುಮಾನವೆಲ್ಲ ನನ್ನ ಮೇಲೆ. ಬರೀ ರಬ್ಬರು ಕದ್ದು ನಾನು ಯಾವ ಬೇಳೆ ಬೇಯಿಸಲಿ?

ಮಾವ ಕಾರನ್ನು ಪರಿಚಯದ ಗ್ಯಾರೇಜಿಗೆ ಒಯ್ದರು. ನಾನೂ ಜೊತೆಗಿದ್ದೆ. ಮೇಸ್ತ್ರಿ ವಿಜಯಪುರದ ಕಡೆಯವನು. ಅವನು ಚಕ್ರಕ್ಕೆ ಕೈ ಹಾಕಿದ ಕೂಡಲೇ ಮಾವ ತಡೆದರು. ಬ್ರೇಕಿನ ಕೆಲಸ ತಾನೇ ಸ್ವತಃ ಮಾಡಿದ್ದು, ಅದರಲ್ಲಿ ದೋಷ ಇರಲು ಸಾಧ್ಯವೇ ಇಲ್ಲ, ಬೇರೆಲ್ಲ ಕಡೆ ಹುಡುಕು ಎಂದರು. ಅವನು ಬಾನೆಟ್ಟಿನೊಳಗೆ ಹುಡುಕಿದ, ಕಾರಿನಡಿ ಮಲಗಿ ಹುಡುಕಿದ, ಕೊನೆಗೆ ಕೈ ಒರೆಸಿಕೊಂಡು ಎದ್ದ.

“ಸಾವಕಾರ್ರ, ನೀವು ತೋರಿಸಿದಲ್ಲೆಲ್ಲಾ ಛಲೋ ಐತ್ರಿ. ತೋರಿಸದ ಜಾಗಾ ಒಂದ ಉಳದೈತಿ ನೋಡ್ರಿ,” ಅಂದ.

ಇದು ಮಾವನಿಗೆ ಕೇಳಿಸಲಿಲ್ಲ.

ಶನಿವಾರ ಬಂತು. ನಮ್ಮ ಬಿಲ್ಡಿಂಗಿನ ಕೆಳಗೆ ಕೊನೆಯ ಪರೀಕ್ಷೆ. ನಾನು ಕಾರಿನೊಳಗೆ ಕೂತು ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಮಾವ ಹಿಂದಿನಿಂದ ನೂಕಬೇಕು, ಶಬ್ದ ಎಲ್ಲಿಂದ ಎಂದು ಪತ್ತೆ ಮಾಡಬೇಕು. ಒಬ್ಬ ಮುದುಕ ಏದುಸಿರು ಬಿಡುತ್ತ ಕಾರು ನೂಕುವುದನ್ನು ನೋಡಿ ಸೊಸೈಟಿಯ ಸೆಕ್ರೆಟರಿಗೆ ಕರುಳು ಚುರ್ರೆಂದಿತು. ಅವರು ಬಂದು ಕೈ ಕೊಟ್ಟರು. ವಾಚ್‌ಮನ್ ಬಂದ. ಹಾಲಿನವನೂ ಬಂದ. ಎಲ್ಲರೂ ಸೇರಿ ಬೆವರು ಸುರಿಸಿ ನೂಕುತ್ತಾರೆ, ನಾನು ಒಳಗೆ ಕೂತು ಬ್ರೇಕ್ ಒತ್ತುತ್ತೇನೆ! ಪ್ರತಿ ನೂಕಿಗೂ ಕಾರು ಕೂದಲೆಳೆಯಷ್ಟು ಅಲುಗಿ ‘ಟಕ್’ ಅನ್ನುತ್ತದೆ. ಕೊನೆಗೆ ಸೆಕ್ರೆಟರಿ ಕಿಟಕಿಯಲ್ಲಿ ಬಗ್ಗಿ ನನ್ನ ಕಾಲು ಎಲ್ಲಿದೆ ಎಂದು ನೋಡಿದರು. ಅವರು ನನ್ನ ಜೊತೆ ಈಗಲೂ ಸರಿಯಾಗಿ ಮಾತನಾಡುತ್ತಿಲ್ಲ.

‘ಟಕ್’ ಬರುತ್ತಿರುವುದು ಮುಂದಿನ ಎಡಚಕ್ರದಿಂದ ಎಂದು ಈಗ ಎಲ್ಲರಿಗೂ ಗೊತ್ತಾಯಿತು, ಮಾವನೊಬ್ಬರನ್ನು ಬಿಟ್ಟು. ಅವರು ಇನ್ನೊಂದು ಸಲ ನೋಡುತ್ತೇನೆಂದು ಕಾರು ಹತ್ತಿ ಹೈವೇ ಕಡೆ ಹೋದರು. ಎಲ್ಲೆಲ್ಲಿ ಎಷ್ಟು ಜೋರಾಗಿ ಬ್ರೇಕ್ ಹಾಕಿದರೋ ದೇವರಿಗೇ ಗೊತ್ತು. ಅವರು ವಾಪಸು ಬಂದು ಗೇಟಿನೊಳಗೆ ನಿಲ್ಲಿಸುವುದಕ್ಕೂ ಮಾಮಿ ತರಕಾರಿ ಚೀಲ ಹಿಡಿದು ಬರುವುದಕ್ಕೂ ಸರಿಹೋಯಿತು.

ಮಾಮಿ ಮೂಗು ಅರಳಿಸಿದರು. “ಅಯ್ಯೋ, ನನ್ನ ಕುಕ್ಕರ್ ಸುಡ್ತಾ ಉಂಟು,” ಅಂದವರೇ ಚೀಲವನ್ನು ನನ್ನ ಕೈಗೆ ತುರುಕಿ ಮೇಲೆ ಓಡಿದರು. ಸ್ವಲ್ಪ ಹೊತ್ತಿಗೆ ಇಳಿದು ಬಂದರು. ಸ್ಟವ್ ಬಂದ್, ಕುಕ್ಕರ್ ತಣ್ಣಗೆ. ಮತ್ತೆ ಮೂಗು ಅರಳಿತು. ಮಾಮಿ ಮೆಲ್ಲನೆ ನಡೆದು ಹೋಗಿ ಎಡಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮಾವ ಆಕಾಶ ನೋಡತೊಡಗಿದರು.

ಚಕ್ರ ಬಿಚ್ಚಲೇಬೇಕಾಯಿತು. ಚಕ್ರದೊಳಗೆ ತಿರುಗುವ ಉಕ್ಕಿನ ತಟ್ಟೆಯನ್ನು ಎರಡೂ ಕಡೆಯಿಂದ ಇಕ್ಕಳದ ಹಾಗೆ ಅದುಮಿ ಹಿಡಿಯುವ ಭಾಗವೊಂದಿದೆ, ಕ್ಯಾಲಿಪರ್ ಎಂದು ಅದರ ಹೆಸರು. ಕಾರು ನಿಲ್ಲುವುದೇ ಅದರಿಂದ. ಹೋಟೆಲಿನಲ್ಲಿ ಏನು ಗಡಗಡ ಅಂದರೂ ಮಾವ ಅದರಡಿ ಹಳೆಯ ಗ್ಯಾಸ್ಕೆಟ್ಟಿನ ಚೂರು ಇಟ್ಟು ಬಾಯಿ ಮುಚ್ಚಿಸುತ್ತಾರೆ. ಹಿಂದಿನ ತಿಂಗಳು ಬ್ರೇಕ್ ಕೀಚಲು ದನಿ ಮಾಡಿದಾಗ ಇಲ್ಲಿಯೂ ಅದೇ ಮದ್ದು! ಮಾಮಿಯ ಗ್ಯಾಸ್ಕೆಟ್ ಕತ್ತರಿಸಿ ಕ್ಯಾಲಿಪರಿನ ಬೋಲ್ಟುಗಳ ತಲೆಯಡಿ ಇಟ್ಟು ಬಿಗಿದಿದ್ದರು. ಕಾವಿಗೆ ರಬ್ಬರು ಕರಗಿ ಬೋಲ್ಟುಗಳು ಸಡಿಲಾಗಿದ್ದವು. ಮಾಮಿ ಬೆರಳಿನಿಂದ ಮುಟ್ಟಿದರೆ ಒಂದು ಬೋಲ್ಟು ತಿರುಗಿತು.

ಇನ್ನು ರಾಮಾಯಣ ಶುರುವಾಗುತ್ತದೆ ಎಂದು ನಾನು ಕಾದೆ. ಮಾಮಿ ಬೈಯಲಿಲ್ಲ. ಮಸಿಯಾದ ಬೆರಳನ್ನು ನೋಡುತ್ತ ಕೂತರು.

“ನಾಳೆ ನೀವು ಇದರಲ್ಲಿ ಓಡಿಸ್ಲಿಕ್ಕೆ ಇದ್ರಿ ಅಲ್ವಾ,” ಅಂದರು.

ಮಾವ ಕರಗಿದ ರಬ್ಬರನ್ನು ಉಗುರಿನಿಂದ ಕೆರೆಯತೊಡಗಿದರು. ಕೇಳಿಸಿತ್ತು ಎಂಬುದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

ವಿಜಯಪುರದ ಮೇಸ್ತ್ರಿ ಬಂದು ಹೊಸ ಬೋಲ್ಟು ಹಾಕಿ ಅಳತೆಯ ಪಾನಾದಿಂದ, ಅಂದರೆ ಎಷ್ಟು ಬಿಗಿಯಾಯಿತೆಂದು ತೋರಿಸುವ ಸ್ಪ್ಯಾನರಿನಿಂದ, ಬಿಗಿದ. ಬಿಗಿದ ಬೋಲ್ಟಿನ ತಲೆಯಿಂದ ಪಕ್ಕದ ಲೋಹಕ್ಕೆ ಹಾಯುವಂತೆ ಬಣ್ಣದ ಗೆರೆ ಎಳೆಯುವುದು ರೇಸಿನವರ ಪದ್ಧತಿಯಂತೆ. ಬೋಲ್ಟು ಒಂದಿಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಬಣ್ಣಕ್ಕೆ ಎಲ್ಲಿ ಹೋಗುವುದು? ಮಾಮಿ ಮೇಲೆ ಹೋಗಿ ಯಾರದೋ ಮದುವೆಗೆಂದು ತಂದಿದ್ದ ಕೆಂಪು ನೈಲ್ ಪಾಲಿಶ್ ಹಿಡಿದು ಬಂದರು. ಪ್ರತಿ ಬೋಲ್ಟಿಗೂ ತಾವೇ ಗೆರೆ ಎಳೆದರು. ಕಾರು ಮಾರುವ ಮಾತು ಅಲ್ಲಿಗೆ ನಿಂತಿತು. ಮರುದಿನ ರೇಸಿನಲ್ಲಿ ಮಾವ ಎಲ್ಲರಿಗಿಂತ ಹಿಂದೆ ಬಂದರು. ಬ್ರೇಕ್ ಅಷ್ಟು ಚೆನ್ನಾಗಿತ್ತು!

ಇಷ್ಟಕ್ಕೇ ಕಥೆ ಮುಗಿಯಿತು ಎಂದುಕೊಂಡಿದ್ದೆ. ಗಣೇಶನ ಹಬ್ಬಕ್ಕೆ ಮನೆ ಒರೆಸುವಾಗ ಸ್ಟೂಲು ಹತ್ತಿ ಅಮ್ಮನ ಮಂಚದ ಮೇಲಿನ ಫ್ಯಾನಿಗೆ ಬಟ್ಟೆ ಹಾಕಿದೆ. ಫ್ಯಾನು ತೂಗುಹಾಕಿದ ಬೋಲ್ಟಿನ ಮೇಲೆ ಒಂದು ಕೆಂಪು ಗೆರೆ. ಇಳಿದು ಬಂದು ಅಮ್ಮ ಹಿಡಿದು ನಡೆಯುವ ವಾಕರ್ ನೋಡಿದೆ. ಕೀಲು ಕೀಲಿಗೂ ಗೆರೆ. ಬಾಲ್ಕನಿಯ ಗ್ರಿಲ್ಲಿಗೆ ಗೆರೆ. ಕೆಳಗೆ ಓಡಿ ನನ್ನ ಸ್ಕೂಟರಿನ ಚಕ್ರ ನೋಡಿದೆ. ಅಲ್ಲೂ ಇತ್ತು. ಕೆಲವು ಕಡೆ ಹೊಸ ಕೆಂಪಿನಡಿ ಹಳೆಯ ಬಿಳಿ ಬಣ್ಣದ ಗೆರೆ, ಅದರಡಿ ಮಾಸಿದ ಇನ್ನೊಂದು. ಅಮ್ಮನನ್ನು ಕೇಳಿದರೆ, “ಭಾನುವಾರ ನೀನು ಸೊಪ್ಪಿಗೆ ಹೋದಾಗ ಪಾನಾ ತಕ್ಕೊಂಡು ತಿರುಗ್ತಾನೆ ಅವ. ಬೋಲ್ಟು ಸಡಿಲ ಅಂದ್ರೆ ನೀನು ಹೆದರ್ತಿ, ಹೇಳ್ಬೇಡ ಅಂದಿದ್ದ,” ಎಂದಳು.

ಅಪ್ಪ ಹೋದಂದಿನಿಂದ ನಮ್ಮ ಮನೆಯಲ್ಲಿ ಯಾವುದೂ ಕಳಚಿ ಬಿದ್ದಿಲ್ಲ. ನಮ್ಮ ಅದೃಷ್ಟ ಎಂದುಕೊಂಡಿದ್ದೆ! ಕಣ್ಣು ತುಂಬಿ ಬಂತು. ಸೀದಾ ಮೇಲಿನ ಮಹಡಿಗೆ ಹೋದೆ. ಮಾವ ಪೇಪರು ಓದುತ್ತಿದ್ದರು.

“ಮಾವ, ನಿಮ್ಮ ಋಣ ನಾನು ಹೇಗೆ ತೀರಿಸ್ಲಿ?”

“ಎಂತ? ಕೇಳ್ಲಿಲ್ಲ.”

“ಏನಿಲ್ಲ. ಫ್ಯಾನ್ ಒರೆಸಿದೆ.”

ಪೇಪರು ಕೆಳಗಿಳಿಯಿತು. “ಗೆರೆ ಕೂಡಿದೆಯಾ?”

“ಕೂಡಿದೆ ಮಾವ.”

“ಹಾಗಾದ್ರೆ ಆಯ್ತಲ್ಲ,” ಅಂದರು ಮಾವ, ಮತ್ತೆ ಪೇಪರು ಎತ್ತಿಕೊಂಡರು.