ಇಪ್ಪತ್ತೆಂಟು ಹೆಚ್ಚಿನ ಕರೆಯೋಲೆ

ಒಂದು ಪದ ಬದಲಾಯಿಸುವುದು ಎಷ್ಟು ಹೊತ್ತಿನ ಕೆಲಸ, ಕಾಫಿ ಆರುವುದರೊಳಗೆ ಮುಗಿಸುತ್ತೇನೆ ಎಂದು ವರದರಾಜ ಹೆಂಡತಿಯ ಮುಂದೆ ಮೀಸೆ ತಿರುವಿದ. ಇದು ಎರಡು ಸಾವಿರದ ಎರಡನೇ ಇಸವಿಯ ಮಾತು. ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿದ್ದ ಮಹಿಳಾ ಸಮಾಜಕ್ಕೆ ಗೋದಾ ಕಾರ್ಯದರ್ಶಿ. ಸದಸ್ಯರ ಪಟ್ಟಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಟ್ಟವನು ಅವಳ ಗಂಡ, ಅದೂ ಬಿಟ್ಟಿಯಾಗಿ. ಬಿಟ್ಟಿ ಕೆಲಸಕ್ಕೆ ಜಂಭ ಜಾಸ್ತಿ!

ಆ ಪಟ್ಟಿಯಲ್ಲಿ ಇಪ್ಪತ್ತೆಂಟು ಹೆಸರುಗಳ ಪಕ್ಕ 'ವಿಧವೆ' ಎಂದಿತ್ತು. ಅದು ಕಣ್ಣಿಗೆ ಬಿದ್ದಾಗಲೆಲ್ಲ ಗೋದಾಗೆ ಸಂಕಟ. ಅದನ್ನು ತೆಗೆಯಿರಿ, ಆದರೆ ಅಧ್ಯಕ್ಷೆ ವಿಶಾಲಮ್ಮನವರು ಹೇಳಿ ಮಾಡಿಸಿದ ಹಳೆಯ ಏರ್ಪಾಡು ಯಾವುದೂ ಕೆಡಬಾರದು ಎಂದು ಎರಡೆರಡು ಸಲ ಹೇಳಿದ್ದಳು. ವರದರಾಜ 'ಗೌರವ ಸದಸ್ಯೆ' ಎಂದು ಬದಲಾಯಿಸಿ, ಬಿಸಿ ಕಾಫಿಯನ್ನೇ ಕುಡಿದ.

ಕೆಟ್ಟದ್ದು ಅಲ್ಲೇ. ವಿಧವೆ ಎಂದಿದ್ದವರಿಗೆ ವರಮಹಾಲಕ್ಷ್ಮಿಯ ಅರಿಶಿನ ಕುಂಕುಮದ ಕರೆಯೋಲೆ ಅಚ್ಚಾಗಬಾರದು ಎಂಬುದೂ ಆ ಏರ್ಪಾಡುಗಳಲ್ಲಿ ಒಂದು. ಪ್ರೋಗ್ರಾಂ ಹಳೆಯ ಪದವನ್ನೇ ಹುಡುಕಿತು, ಒಬ್ಬರೂ ಸಿಗಲಿಲ್ಲ. ಎಲ್ಲರಿಗೂ ಕರೆಯೋಲೆ ಅಚ್ಚು ಹಾಕಿತು. ಗೋದಾ ಎಣಿಸದೆ ಲಕೋಟೆ ಅಂಟಿಸಿದಳು, ಅಂಚೆಯವನು ಒಂದನ್ನೂ ಬಿಡದೆ ಹಂಚಿದ.

ಹಬ್ಬದ ಹಿಂದಿನ ದಿನ ಆ ಇಪ್ಪತ್ತೆಂಟರಲ್ಲಿ ಒಬ್ಬರಾದ, ಶಾಲೆಯ ನಿವೃತ್ತ ಮೇಡಂ ಶೈಲಜಮ್ಮ ಕರೆಯೋಲೆ ಹಿಡಿದು ಬಾಗಿಲಿಗೆ ಬಂದರು. ಗಂಡ ಹೋದವರನ್ನು ಕುಂಕುಮಕ್ಕೆ ಕರೆದು ಅವಮಾನಿಸಿದೆನಲ್ಲ ಎಂದು ವರದರಾಜನಿಗೆ ನಿಜಕ್ಕೂ ನೋವಾಯಿತು. ಕೈ ಮುಗಿದು, ಕಂಪ್ಯೂಟರಿನಿಂದ ತಪ್ಪಾಯಿತು, ಈಗಲೇ ಸರಿ ಮಾಡುತ್ತೇನೆ ಎಂದ.

ಶೈಲಜಮ್ಮ ಕರೆಯೋಲೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡರು. "ಅದು ತಪ್ಪು ಮಾಡಿ ನನ್ನ ಕರೀತು ಅಂತೀಯ. ಹನ್ನೊಂದು ವರ್ಷ ಕರೀದೆ ಇದ್ದಿದ್ದು ಯಾರ ತಪ್ಪಪ್ಪ?"

ವರದರಾಜ ಗೋದಾಳ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ಆ ಪಟ್ಟಿ ನೋಡಿ ಪ್ರತಿ ವರ್ಷ ಲಕೋಟೆ ಅಂಟಿಸುತ್ತಿದ್ದವಳು ಅವಳೇ.

"ಸೀರೆ ಇಸ್ತ್ರಿಗೆ ಕೊಟ್ಟಾಗಿದೆ," ಎಂದರು ಶೈಲಜಮ್ಮ. "ಬರ್ಲೋ ಬೇಡ್ವೋ, ಅಷ್ಟು ಹೇಳು."

ಗೋದಾ ತಲೆ ಎತ್ತಿದಳು. "ಬನ್ನಿ ಮೇಡಂ. ನಿಮ್ಮ ಕೈಗೆ ಮೊದಲನೇ ತಾಂಬೂಲ ನಾನೇ ಕೊಡ್ತೀನಿ. ವಿಶಾಲಮ್ಮನೋರಿಗೂ ನಾನೇ ಹೇಳ್ಕೋತೀನಿ."

ಅವರು ಹೋದ ಮೇಲೆ ವರದರಾಜ, ಹಾಗಾದರೆ ಆ ಹಳೆಯ ಏರ್ಪಾಡನ್ನೇ ಪ್ರೋಗ್ರಾಂನಿಂದ ಕಿತ್ತುಹಾಕಲೇ, ಐದು ನಿಮಿಷದ ಕೆಲಸ ಎಂದು ಕೇಳಿದ.

"ಅದು ಆಮೇಲೆ. ಸಮಾಜದ ಹಾಲ್‌ನಲ್ಲಿ ಕುರ್ಚಿ ಸಾಲಲ್ಲ ರೀ," ಎಂದಳು ಗೋದಾ. "ಇಪ್ಪತ್ತೆಂಟು ಹೊತ್ಕೊಂಡು ಬನ್ನಿ."