ಏಳು ಪೇಪರು, ಒಂದು ತಲೆ

ಒಂದು ಸಲಕ್ಕೆ ಎಷ್ಟು ಪೇಪರಿಗೆ ಕಟ್ಟಬಹುದು ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಥಟ್ಟನೆ ಉತ್ತರ ಬರುತ್ತದೆ. ಕಾಲೇಜಿನ ಮೆಟ್ಟಿಲು ಹತ್ತದವರಿಂದ ಇನ್ನೂ ಬೇಗ ಬರುತ್ತದೆ. ಮಧುಗಿರಿಯಲ್ಲಿ ಬಿ.ಎಸ್ಸಿ. ಓದುವಾಗ ಈ ಪ್ರಶ್ನೆ ಹೊತ್ತು ನಾಲ್ಕು ತಾಲ್ಲೂಕು ಸುತ್ತಿದ್ದೇನೆ.

ಮೊದಲು ಸಮಸ್ಯೆ ಹೇಳುತ್ತೇನೆ. ಮೊದಲ ವರ್ಷ ಇಂಗ್ಲಿಷ್, ರಸಾಯನಶಾಸ್ತ್ರ, ಗಣಿತ ಮೂರರಲ್ಲೂ ಫೇಲಾದೆ. ಗಣಿತ ಕೂದಲೆಳೆಯಲ್ಲಿ ತಪ್ಪಿತ್ತು. ಮೇಷ್ಟರು ಹೇಳಿದರೆಂದು ಅದನ್ನು ಮರುಮೌಲ್ಯಮಾಪನಕ್ಕೆ ಹಾಕಿದೆ. ಅಲ್ಲಿಂದ ಯಾರಿಗೂ ಏನೂ ಬಂದದ್ದಿಲ್ಲ ಎಂದು ಎಲ್ಲರೂ ನಕ್ಕರು. ನಾನೂ ಮರೆತೆ.

ಎರಡನೆಯ ವರ್ಷದ ನಾಲ್ಕು ಪೇಪರು ಬೇರೆ ಇದ್ದವು. ಅವನ್ನು ಅಕ್ಟೋಬರಿಗೆ ತಳ್ಳಬಹುದಿತ್ತು. ತಳ್ಳಿದರೆ ಕೊನೆಯ ವರ್ಷದ ತಲೆಯ ಮೇಲೆ ಕೂರುತ್ತವೆ. ಹಳೆಯ ಮೂರು ಮಾತ್ರ ಏಪ್ರಿಲಿನಲ್ಲೇ ಮುಗಿಯಬೇಕು. ಒಂದು ಉಳಿದರೂ ಕೊನೆಯ ವರ್ಷಕ್ಕೆ ಪ್ರವೇಶವಿಲ್ಲ, ಹಾಸ್ಟೆಲಿನಲ್ಲಿ ಜಾಗವಿಲ್ಲ. ಹಾಸ್ಟೆಲ್ ಹೋದರೆ ಓದು ಮುಗಿಯಿತು. ಪಾವಗಡದ ಕಡೆಯ ನಮ್ಮೂರಿಗೆ ಹೋಗಿ ಅಪ್ಪನ ಕುರಿಗಳ ಹಿಂದೆ ನಿಲ್ಲಬೇಕು.

ಮೂರಕ್ಕೆ ಕಟ್ಟಲೇ, ಏಳಕ್ಕೂ ಕಟ್ಟಲೇ?

೧. ಮಂದೆಯ ಲೆಕ್ಕ

ಸಂತೆಗೆ ಬಂದ ಅಪ್ಪ ಹಾಸ್ಟೆಲಿಗೂ ಬಂದ. ವಿಷಯ ಹೇಳಿದೆ. ಹೆಗಲ ಕಂಬಳಿ ಸರಿಮಾಡಿಕೊಂಡು ಯೋಚಿಸಿದ.

"ಏಳ್ನೂ ಒಟ್ಗೆ ಹೊಡ್ಕಂಡೋಗ್ಬುಡು. ಮಂದೆ ಒಡೆದ್ರೆ ಎರಡು ಕಡೆ ಕಾಯೋರು ಯಾರ್ಲಾ?"

"ಒಂದು ಕುಂಟಿಕೊಂಡು ಹಿಂದೆ ಉಳಿದರೆ?"

"ಉಳ್ಕಳ್ಳಿ ಬುಡು. ತೋಳನೂ ಬದುಕ್ಬೇಕಲ್ಲ."

೨. ಏರಿನಲ್ಲಿ ಬಸ್ಸು

ಹಳೆಯ ಪ್ರಶ್ನೆಪತ್ರಿಕೆ ತರಲು ಶಿರಾಕ್ಕೆ ಹೊರಟೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರಿಗೆ ಒತ್ತಿಕೊಂಡು ನಿಂತಿದ್ದೆ. ಮಾತಿಗೆ ಮಾತು ಬಂದು ನನ್ನ ಪ್ರಶ್ನೆಯನ್ನು ಅವನಿಗೂ ಹೇಳಿದೆ.

"ಏಳಾ? ಹತ್ತಿಸ್ಕಳಿ ಸ್ವಾಮಿ. ಜಾಗ ತಾನಾಗೇ ಆಯ್ತದೆ," ಎಂದ.

ಅಷ್ಟರಲ್ಲಿ ಏರು ಬಂತು. ಬಸ್ಸು ನರಳಿ, ಕೆಮ್ಮಿ, ನಿಂತುಬಿಟ್ಟಿತು.

"ಗಂಡಸ್ರೆಲ್ಲ ಇಳೀರಿ!" ಎಂದು ಕೂಗಿದ. ಇಳಿದೆವು. ಹಗುರಾದ ಬಸ್ಸು ಏರು ಹತ್ತಿ ಮೇಲೆ ನಿಂತಿತು. ನಾವು ಏದುಸಿರು ಬಿಡುತ್ತ ಹೋಗಿ ಹತ್ತಿಕೊಂಡೆವು.

"ನೋಡಿದ್ರಾ? ನಾಕು ಇಳಿಸ್ಬುಟ್ಟು ಮೂರ್‍ರಾಗೆ ಏರು ಹತ್ತಿ. ಆಮೇಲೆ ನಾಕೂ ಹತ್ತಿಸ್ಕಳಿ. ಇಲ್ದಿದ್ರೆ ಅಕ್ಟೋಬರ್ ಯಾಕೈತೆ?" ಎಂದು ಸೀಟಿ ಊದಿದ.

ಬಸ್ಸು ಹೊರಟಿತು. ಹಿಂದೆ ನೋಡಿದರೆ ಮುದುಕರೊಬ್ಬರು ಏರಿನ ನಡುವೆ ಟವಲು ಬೀಸುತ್ತಿದ್ದರು.

"ಅಯ್ಯೋ, ಅವರು ಉಳಿದುಬಿಟ್ಟರು!" ಎಂದೆ.

"ಬುಡಿ, ಅವ್ರು ಮುಂದಿನ್ ಏಪ್ರಿಲ್‌ಗೆ ಬತ್ತಾರೆ."

೩. ಆರಾಮಾಗಿ

ಶಿರಾದಲ್ಲಿ ಪ್ರಶ್ನೆಪತ್ರಿಕೆ ಇಟ್ಟಿದ್ದವರು ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿ. ಈಗ ಬಟ್ಟೆ ಅಂಗಡಿ. ಹಳೆಯ ವಿದ್ಯಾರ್ಥಿ ಎಂದೆನಾದರೂ ಅವರ ಓದು ಇನ್ನೂ ಮುಗಿದಿರಲಿಲ್ಲ.

"ಅಷ್ಟು ಜಲ್ದಿ ಯಾಕ್ರೀ? ನಂದು ಒಂದ್ಸಲಕ್ಕೆ ಒಂದೇ ಪೇಪರ್. ಆರಾಮಾಗಿ," ಎಂದು ಚಹಾ ತರಿಸಿದರು. ಇನ್ನೇನು ಮುಗಿಯಿತು ಎನ್ನುವಾಗ ಸಿಲಬಸ್ ಬದಲಾಗುತ್ತದಂತೆ. ಮತ್ತೆ ಮೊದಲಿಂದ.

"ಬೇಜಾರಾಗುವುದಿಲ್ಲವೇ?"

"ಯಾಕ್ ಬೇಜಾರು? ದೊಡ್ಡ ಮಗಳು ಈ ವರ್ಷ ಸೈನ್ಸ್ ತಗೊಂಡಿದ್ದಾಳೆ. ಇನ್ಮೇಲೆ ನನಗೆ ಮನೇಲೇ ಟ್ಯೂಷನ್."

ವಾಪಸು ಬರುವಾಗ ಲೆಕ್ಕ ಹಾಕಿದೆ. ಅಪ್ಪ ಏಳು, ಕಂಡಕ್ಟರು ಮೂರು, ಇವರು ಒಂದು. ಸರಾಸರಿ ತೆಗೆದರೆ ಹತ್ತಿರ ಹತ್ತಿರ ಮೂರೂಮುಕ್ಕಾಲು. ಮುಕ್ಕಾಲು ಪೇಪರಿಗೆ ಯಾರೂ ಕಟ್ಟಿಸಿಕೊಳ್ಳುವುದಿಲ್ಲ. ಮುಂದೆ ನಾನೂ ಮಗಳ ಹತ್ತಿರ ಟ್ಯೂಷನ್ನಿಗೆ ಕೂರಬೇಕಾದೀತೆಂದು ಹೆದರಿ ಏಳಕ್ಕೂ ಕಟ್ಟಿದೆ.

೪. ಬಾಯಿ ಬಿಟ್ಟು ಓದು

ಪರೀಕ್ಷೆಯ ರಜೆಗೆ ಹೊಳವನಹಳ್ಳಿಯ ಅತ್ತೆಯ ಮನೆಗೆ ಹೋದೆ. ಗಣಿತದ್ದೇ ಭಯ ಹೆಚ್ಚಾದ್ದರಿಂದ ಬೆಳಗಿನ ಹೊತ್ತನ್ನೆಲ್ಲ ಅದಕ್ಕೆ ಇಟ್ಟೆ.

ಅತ್ತೆಯ ಪ್ರಕಾರ ಓದುವುದೆಂದರೆ ಕೂಗಿ ಓದುವುದು. ಸುಮ್ಮನೆ ಕೂತು ಲೆಕ್ಕ ಮಾಡುವವನು ಖಾಲಿ ಕೂತವನು.

"ಸುಮ್ಕೆ ಕುಂತಿದ್ದೀಯಲ್ಲ, ಒಂದು ಕೊಡ ನೀರು ತಗಂಬಾ." ತಂದುಕೊಟ್ಟೆ. "ಸುಮ್ಕೆ ಕುಂತಿದ್ದೀಯಲ್ಲ, ಆ ಕರೂನ ಕಟ್ಟಾಕು." ಕಟ್ಟಿದೆ.

ಮರುದಿನದಿಂದ ಲೆಕ್ಕವನ್ನೂ ಕೂಗಿಯೇ ಮಾಡಿದೆ. ಎಕ್ಸ್ ವರ್ಗ ಪ್ಲಸ್ ವೈ ವರ್ಗ ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತು, "ಯಾರೂ ಕರೀಬೇಡ್ರಮ್ಮ, ನಮ್ಮುಡುಗ ಓದ್ತಾವ್ನೆ," ಎಂದು ಕಾವಲು ಕಾದರು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ಬಂದು ಕೈಮುಗಿದರು.

"ಮಗಾ, ಆ ಮಂತ್ರನ ನಮ್ಮ ಎಮ್ಮೆ ಮುಂದೆನೂ ಒಂದ್ಸಲ ಹೇಳಪ್ಪ. ಎರಡು ದಿನದಿಂದ ಒದೀತೈತೆ, ಹಾಲೇ ಕೊಡಾಕಿಲ್ಲ."

ಹೇಳಿದೆ. ನನಗೂ ಒದೆಯಿತು.

೫. ಟ್ರಂಕು

ಏಳೂ ಬರೆದೆ. ಫಲಿತಾಂಶದ ದಿನ ಅಪ್ಪನೂ ಬಂದಿದ್ದ. ಆರು ಪಾಸು. ಗಣಿತ ಫೇಲು, ಅದೂ ಹೋದ ಸಲಕ್ಕಿಂತ ಕಡಿಮೆ ಅಂಕ.

ನಾನು ಹಾಸಿಗೆ ಸುತ್ತಿದೆ. ಅಪ್ಪ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡ. ಬಸ್ ಸ್ಟ್ಯಾಂಡಿನಲ್ಲಿ ಪಾವಗಡದ ಕಂಡಕ್ಟರು, "ಎಕ್ಕಂಡಿ, ಎಕ್ಕಂಡಿ! ಹತ್ರಪ್ಪ!" ಎಂದು ಎರಡು ಭಾಷೆಯಲ್ಲಿ ಅವಸರ ಮಾಡುತ್ತಿದ್ದ.

ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು. ಎದುರಿನ ಹೋಟೆಲಿನಿಂದ ಕಾಲೇಜಿನ ಗುಮಾಸ್ತರು ಲೋಟ ಹಿಡಿದುಕೊಂಡೇ ಹೊರಬಂದರು.

"ಟ್ರಂಕು ಎಲ್ಲಿಗಯ್ಯಾ?"

"ಊರಿಗೆ ಸಾರ್. ಗಣಿತ ಹೋಯಿತು."

"ಯಾವ ಗಣಿತ? ಮರುಮೌಲ್ಯಮಾಪನದಲ್ಲಿ ಆಗಲೇ ಪಾಸಾಗಿದೆಯಲ್ಲ! ಪರೀಕ್ಷೆಗೆ ಮುಂಚೆಯೇ ನೋಟಿಸ್ ಬೋರ್ಡಿಗೆ ಹಾಕಿದ್ದೆ. ಎಲ್ಲಿ ಹೋಗಿದ್ದೆ?"

"ಹೊಳವನಹಳ್ಳಿಗೆ ಸಾರ್. ಗಣಿತ ಓದಲು."

ಗುಮಾಸ್ತರು ನಗಲು ಹೋಗಿ ಕಾಫಿ ಚೆಲ್ಲಿಕೊಂಡರು. "ಒಂದು ಸಲ ಪಾಸಾದರೆ ಆಯಿತಯ್ಯ. ಆಮೇಲೆ ಫೇಲಾದದ್ದಕ್ಕೆ ಬೆಲೆಯಿಲ್ಲ. ನಾಳೆ ಬಂದು ಕೊನೆಯ ವರ್ಷಕ್ಕೆ ಸೇರಿಕೊ."

ಮೆಟ್ಟಿಲಿನಿಂದ ಕಾಲು ತೆಗೆದೆ. ಬಸ್ಸು ಹೊರಟುಹೋಯಿತು.

ಅಪ್ಪನಿಗೆ ನಿಧಾನವಾಗಿ ಬಿಡಿಸಿ ಹೇಳಿದೆ: ಗಣಿತ ಆಗಲೇ ಪಾಸಾಗಿತ್ತು, ಅದು ತಿಳಿಯದೆ ಮತ್ತೆ ಬರೆದು ಫೇಲಾದೆ, ಆದರೂ ಪಾಸು. ಟ್ರಂಕು ಹೊತ್ತಂತೆಯೇ ಪೂರ್ತಿ ಕೇಳಿದ. ಹಾಸ್ಟೆಲಿನ ಕಡೆ ತಿರುಗಿ ನಾಲ್ಕು ಹೆಜ್ಜೆ ನಡೆದು ನಿಂತ.

"ಲೇ, ತೋಳಕ್ಕೆ ಒಂದು ಹೋದ್ರೆ ಹೋಗ್ಲಿ ಅಂದಿದ್ದೆ, ದಿಟ. ಅದಕ್ಕೇಂತ ರೊಪ್ಪದಾಗೆ ಬೆಚ್ಚಗೆ ಮಲಗಿದ್ದ ಕುರೀನೇ ಎಬ್ಬಿಸ್ಕಂಡೋಗಿ ಕೊಟ್ಟು ಬಂದಿದ್ದೀಯಲ್ಲೋ!"