ಬ್ಯಾಟರಿ ಭದ್ರ, ಸೋಫಾ ಬೀದಿಗೆ

ಲಿಥಿಯಂ ಬ್ಯಾಟರಿಯನ್ನು ಸುರಕ್ಷಿತವಾಗಿ ಚಾರ್ಜ್ ಮಾಡಬಲ್ಲ ಗಂಡಸು ಇಡೀ ಪೆಲಿಕನ್ ಕೋವ್‌ನಲ್ಲಿ ತಾನೊಬ್ಬನೇ ಎಂದು ವೆಂಡೆಲ್ ಪ್ರೂಯಿಟ್ ಘೋಷಿಸಿ ಒಂದು ವಾರವಾಗಿತ್ತು. ಫ್ಲಾರಿಡಾದ ಆ ನಿವೃತ್ತರ ಊರಿನಲ್ಲಿ ಹಾಲು ತರಲು ಗಾಲ್ಫ್ ಗಾಡಿ, ಚರ್ಚಿಗೆ ಹೋಗಲು ಗಾಲ್ಫ್ ಗಾಡಿ. ಗಾಲ್ಫ್ ಆಡೋಣವೆಂದರೆ ಮಾತ್ರ ಎಲ್ಲರಿಗೂ ಮಂಡಿನೋವು! ಹಳೆಯ ಸೀಸದ ಬ್ಯಾಟರಿ ಕಿತ್ತುಹಾಕಿ ಲಿಥಿಯಂ ಹಾಕಿಸಿದ ದಿನದಿಂದ ವೆಂಡೆಲ್‌ನ ಕಾಲು ನೆಲದ ಮೇಲಿರಲಿಲ್ಲ. ಕಂಡಕಂಡವರನ್ನೆಲ್ಲ ಕೂರಿಸಿಕೊಂಡು ಊರು ಸುತ್ತಿಸಿದ. ಹೀಗಾಗಿ ಊರಿನ ಕಿತ್ತಳೆ ಹಬ್ಬದ ಮೆರವಣಿಗೆಯ ದಿನ ಬೆಳಗ್ಗೆ ನೋಡಿದರೆ ಬ್ಯಾಟರಿ ಹೆಚ್ಚುಕಡಿಮೆ ಬರಿದು.

ಆ ಮೆರವಣಿಗೆಗೆ ಈ ಸಲ ಮಹಾರಾಣಿ ಅವನ ಹೆಂಡತಿ ಅರ್ಲೀನ್. ವರ್ಷಗಟ್ಟಲೆ ಕಾದು ಸಿಕ್ಕಿದ ಪಟ್ಟ. ಬೇಸಿಗೆಯೆಲ್ಲ ಕೂತು ಕಿತ್ತಳೆ ಬಣ್ಣದ ಗೌನನ್ನು ತಾನೇ ಹೊಲಿದುಕೊಂಡಿದ್ದಳು. ಮಹಾರಾಣಿ ತನ್ನ ಗಾಡಿಯಲ್ಲೇ ಮುಂದೆ ಹೋಗಬೇಕೆಂಬುದು ಊರಿನ ಪದ್ಧತಿ.

ವೆಂಡೆಲ್ ಚಾರ್ಜರ್ ಸಿಕ್ಕಿಸಿದ. ಕೆಂಪು ದೀಪ ಕಣ್ಣು ಮಿಟುಕಿಸಿತು. ಆ ಊರು ಕಂಡರಿಯದ ಚಳಿ ರಾತ್ರಿಯೇ ಬಂದು ಕೂತಿತ್ತು. ಹುಲ್ಲಿನ ಮೇಲೆ ಬಿಳಿ ಮಂಜು. ಮರದ ಮೇಲಿದ್ದ ಇಗ್ವಾನಾ ಓತಿಯೊಂದು ಮರಗಟ್ಟಿ ರಸ್ತೆ ಅಂಚಿಗೆ ಬಿದ್ದಿತ್ತು.

"ಕೆಟ್ಟುಹೋಯ್ತಾ?" ಅಂದಳು ಅರ್ಲೀನ್.

"ಕೆಟ್ಟಿಲ್ಲ ಕಣೇ. ನೀರು ಹೆಪ್ಪುಗಟ್ಟೋ ಚಳೀಲಿ ಇದು ಚಾರ್ಜ್ ಆಗಲ್ಲ ಅಂತ ತಾನೇ ಬಾಗಿಲು ಹಾಕ್ಕೊಂಡಿದೆ. ಬುದ್ಧಿವಂತ ಬ್ಯಾಟರಿ."

"ಮನೇಲಿ ಒಬ್ಬರಿಗಾದ್ರೂ ಇದೆಯಲ್ಲ ಬುದ್ಧಿ. ಬಿಸಿಲು ಬರಲಿ ಬಿಡ್ರೀ. ಆ ಓತಿನೂ ಏಳುತ್ತೆ, ನಿಮ್ಮ ಬ್ಯಾಟರೀನೂ ಏಳುತ್ತೆ. ನಾನು ತಲೆ ಬಾಚಿಸ್ಕೊಂಡು ಬರ್ತೀನಿ. ಅಲ್ಲೀವರೆಗೂ ಏನೂ ಮಾಡ್ಬೇಡಿ. ಕೈಮುಗೀತೀನಿ."

ಏನೂ ಮಾಡದೆ ಇರುವುದು ವೆಂಡೆಲ್‌ನ ಜಾತಕದಲ್ಲೇ ಇರಲಿಲ್ಲ. ಆಕೆ ಅತ್ತ ಹೋದಳೋ ಇಲ್ಲವೋ, ಇತ್ತ ಕೈಪಿಡಿ ತೆರೆದ. ಬೆಚ್ಚಗಿನ, ಒಣಗಿದ ಜಾಗದಲ್ಲಿ ಚಾರ್ಜ್ ಮಾಡಬೇಕು ಎಂದಿತ್ತು. ಗ್ಯಾರೇಜಿನಲ್ಲಿ ಸೂಜಿಗೂ ಜಾಗವಿಲ್ಲ. ಬೀದಿಯಿಂದ ಎತ್ತಿ ತಂದ ಕುರ್ಚಿ, ಮುರಿದ ದೀಪ, ಯಾರದೋ ಪಿಯಾನೋದ ಅರ್ಧಭಾಗ ತುಂಬಿದ್ದವು. ಬೇಡವಾದದ್ದನ್ನು ರಸ್ತೆ ಅಂಚಿಗೆ ಇಡುವುದು, ಬೇಕಾದವರು ಕೇಳದೆ ಎತ್ತಿಕೊಂಡು ಹೋಗುವುದು ಆ ಊರಿನ ರೂಢಿ. "ರಸ್ತೆ ಅಂಚಿಗೆ ಬಂದದ್ದು ಊರ ಸೊತ್ತು" ಎನ್ನುವುದು ವೆಂಡೆಲ್‌ನ ವೇದವಾಕ್ಯ.

ಹಾಗಾಗಿ ಉಳಿದಿದ್ದುದು ನಡುಮನೆ. ಗಾಜಿನ ಬಾಗಿಲು ಸರಿಸಿ, ಗಾಡಿಯಲ್ಲಿ ಉಳಿದಿದ್ದ ಕೊನೆಯ ಉಸಿರಿನಲ್ಲೇ ಒಳಗೆ ನುಗ್ಗಿಸಿ, ಟಿವಿಯ ಎದುರು ನಿಲ್ಲಿಸಿದ. ಹೀಟರ್ ಹಾಕಿದ. ಬ್ಯಾಟರಿ ಬೆಚ್ಚಗಾಗಿ ಹಸಿರು ದೀಪ ಹತ್ತಿತು. ವೆಂಡೆಲ್‌ಗೆ ಮೈಯೆಲ್ಲ ಪುಳಕ!

ಆಮೇಲೆ ಪುಟ ತಿರುಗಿಸಿದ. 'ಬೆಂಕಿ ಹಿಡಿಯುವ ವಸ್ತುಗಳು ಹತ್ತಿರ ಇರಕೂಡದು.'

ಸೋಫಾ ಕಡೆ ನೋಡಿದ. ಸೋಫಾ ಉರಿಯುತ್ತದೆ. ಪರದೆ ಉರಿಯುತ್ತದೆ. ಜಮಖಾನೆ ಉರಿಯುತ್ತದೆ. ಮದುವೆಯ ಫೋಟೋ ಧಗಧಗ ಉರಿಯುತ್ತದೆ. ಬಾಗಿಲಿಗೆ ನೇತುಹಾಕಿದ್ದ ಗೌನಂತೂ ನೈಲಾನು, ಕೇಳುವುದೇ ಬೇಡ! ಸುರಕ್ಷತೆಯೆಂದರೆ ಸುರಕ್ಷತೆ. ಒಂದೊಂದನ್ನೇ ಹೊರಗೆ ಸಾಗಿಸಿದ. ಬಾಗಿಲ ಬುಡದಲ್ಲಿಟ್ಟರೆ ಹತ್ತಿರವಾಯಿತೆಂದು ಇನ್ನಷ್ಟು ದೂರ, ಅಲ್ಲಿಗೂ ಕಿಡಿ ಹಾರೀತೆಂದು ಮತ್ತಷ್ಟು ದೂರ ಎಳೆದು, ಕಡೆಗೆ ಎಲ್ಲವನ್ನೂ ಓತಿಯ ಪಕ್ಕದಲ್ಲಿ ಒಪ್ಪವಾಗಿ ಜೋಡಿಸಿದ. ಬೆನ್ನು ಹಿಡಿದುಕೊಂಡು ಒಳಗೆ ಬಂದು, ಬೆಂಕಿ ಆರಿಸುವ ಸಿಲಿಂಡರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬ್ಯಾಟರಿಯನ್ನೇ ನೋಡುತ್ತ ಕೂತ. ಹೊರಗೆ ಗಾಡಿಗಳು ನಿಲ್ಲುವ, ಹೊರಡುವ ಸದ್ದು ಕೇಳುತ್ತಿತ್ತು. ಜನ ಮೆರವಣಿಗೆಗೆ ಹೋಗುತ್ತಿದ್ದಾರೆ ಎಂದುಕೊಂಡ.

ಅರ್ಲೀನ್ ಗೋಪುರದಂಥ ತಲೆ ಕಟ್ಟಿಸಿಕೊಂಡು ಬಂದಳು. ಬಟ್ಟಬಯಲಾದ ನಡುಮನೆ, ನಡುವೆ ಗಾಡಿ, ಪಕ್ಕದಲ್ಲಿ ಗಂಡ.

"ನೂರಕ್ಕೆ ನೂರು ತುಂಬಿದೆ ಕಣೇ!" ಅಂದ ವೆಂಡೆಲ್. "ಒಂದು ಕಿಡಿ ಹಾರಿಲ್ಲ."

"ಸೋಫಾ?"

"ಹೊರಗೆ ಭದ್ರವಾಗಿದೆ."

"ಹೊರಗೆ ಎಲ್ಲಿ? ನಾನು ಹೊರಗಿಂದಾನೇ ಬಂದದ್ದು. ಒಂದು ಓತಿ ಬಿಟ್ರೆ ಏನೂ ಇಲ್ಲ." ಅವಳ ದನಿ ಕುಸಿಯಿತು. "ರೀ, ನನ್ನ ಗೌನು ಎಲ್ಲಿ?"

ವೆಂಡೆಲ್‌ಗೆ ಆಗ ತನ್ನ ವೇದವಾಕ್ಯ ನೆನಪಾಯಿತು.

ಅಷ್ಟರಲ್ಲಿ ಬ್ಯಾಂಡು ಕೇಳಿಸಿತು. ಇಬ್ಬರೂ ಓಡಿದರು. ಮೆರವಣಿಗೆ ಅವರ ಬೀದಿಗೇ ತಿರುಗಿತ್ತು. ಎಲ್ಲಕ್ಕಿಂತ ಮುಂದೆ, ವೆಂಡೆಲ್ ವಾರವಿಡೀ ಆಡಿಕೊಂಡು ನಕ್ಕಿದ್ದ ಸೀಸದ ಬ್ಯಾಟರಿಯ ಡಕೋಟ ಗಾಡಿ. ಅದರಲ್ಲಿ ಕಿತ್ತಳೆ ಗೌನು ತೊಟ್ಟು, ಮಹಾರಾಣಿಯ ಕಿರೀಟ ಇಟ್ಟುಕೊಂಡ ಎದುರುಮನೆಯ ಮೈರಾ. ಗಾಡಿಯ ಹಿಂಬದಿಯ ಸಾಮಾನು ಹಲಗೆಗೆ ವೆಂಡೆಲ್ ದಂಪತಿಯದೇ ಸೋಫಾವನ್ನು ಬಿಗಿದು ಕಟ್ಟಿದ್ದರು. ಹಿಂದಿನ ಗಾಡಿಗೆ ಅವರ ಪರದೆಗಳು ತೋರಣ. ಅದರ ಹಿಂದಿನ ಗಾಡಿಯಲ್ಲಿ ಯಾರೋ ಅವರ ಮದುವೆಯ ಫೋಟೋ ಎತ್ತಿ ಹಿಡಿದಿದ್ದರು.

ಮೈರಾ ಬ್ರೇಕು ಹಾಕಿದಳು. "ಅಯ್ಯೋ ಅರ್ಲೀನ್, ಗಂಡ ಹೆಂಡತಿ ಜಗಳ ಆಡ್ಕೊಂಡು ಎಲ್ಲಾ ಬಿಸಾಕಿದ್ದೀರಿ ಅಂದ್ಕೊಂಡ್ವಿ. ಮಹಾರಾಣಿ ಇಲ್ದೆ ಮೆರವಣಿಗೆ ನಿಲ್ಲಬಾರದಲ್ಲ ಅಂತ ನಾನು ಹಾಕ್ಕೊಂಡೆ. ಬಿಚ್ಚಿಕೊಡೋಣ ಅಂದ್ರೆ ಒಳಗೆ ಏನೂ ಹಾಕಿಲ್ಲ ಕಣೆ. ಕಿರೀಟ ಮಾತ್ರ ತಗೋ."

ಅರ್ಲೀನ್‌ಗೆ ಅಳು ಒತ್ತರಿಸಿ ಬಂತು. ನುಂಗಿಕೊಂಡಳು. ಕಿರೀಟ ಇಟ್ಟುಕೊಂಡು, ಮನೆಯಂಗಿಯಲ್ಲೇ ತನ್ನ ಸೋಫಾ ಹತ್ತಿ, ಮಹಾರಾಣಿಯಂತೆಯೇ ಬೆನ್ನು ನೆಟ್ಟಗೆ ಮಾಡಿ ಕೂತಳು. ಜನ ಚಪ್ಪಾಳೆ ತಟ್ಟಿದರು.

"ನಾನೂ ಬರ್ಲಾ?" ಎಂದು ವೆಂಡೆಲ್ ಸಿಲಿಂಡರ್ ಸಮೇತ ಓಡಿಬಂದ. "ನಮ್ಮ ಗಾಡಿ ತರ್ಲಾ? ಪೂರ್ತಿ ಚಾರ್ಜ್ ಆಗಿದೆ!"

"ನೀವು ಅಲ್ಲೇ ರಸ್ತೆ ಅಂಚಲ್ಲಿ ಕೂತ್ಕೊಳ್ಳಿ" ಅಂದಳು ಅರ್ಲೀನ್. "ಯಾರಾದ್ರೂ ಎತ್ಕೊಂಡು ಹೋಗ್ತಾರಾ ನೋಡೋಣ."

ವೆಂಡೆಲ್ ಕೂತ. ಬಿಸಿಲು ಚೆನ್ನಾಗಿಯೇ ಏರಿತ್ತು. ಪಕ್ಕದಲ್ಲಿದ್ದ ಓತಿ ಮೈಮುರಿದು ಎದ್ದು, ತನ್ನ ಪಾಡಿಗೆ ತಾನು ಮರ ಹತ್ತಿತು. ಒಂದೊಂದೇ ಗಾಡಿ ಅವನ ಮುಂದೆ ನಿಧಾನವಾಗಿ, ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, ಮುಂದೆ ಹೋಯಿತು. ಕಟ್ಟಕಡೆಯ ಗಾಡಿ ಮಾತ್ರ ನಿಂತಿತು. ವೆಂಡೆಲ್ ಆಸೆಯಿಂದ ಅರ್ಧ ಎದ್ದ. ಅದರಲ್ಲಿದ್ದ ಮುದುಕ ಬಗ್ಗಿ, ಅವನ ಪಕ್ಕದಲ್ಲಿದ್ದ ಸಿಲಿಂಡರನ್ನು ಎತ್ತಿಕೊಂಡು ಹೊರಟುಹೋದ.